ಗೇಟಿನ ಹೊರಗೆ ನಿಂತಿರುವ ಸಮುದ್ರವನ್ನು ಒಳಗೆ ಬಿಟ್ಟುಕೊಳ್ಳುವ ಕುರಿತು

ಇಂದ,
ಕನಕರಾಜ, ಎಂ.ಎ.,
ಅತಿಥಿ ಉಪನ್ಯಾಸಕ (ಅತಿಥಿ ಎಂಬುದು ಹುದ್ದೆಯಲ್ಲಿ ಮಾತ್ರ),
ಹಾಲಿ ವಾಸ: ತಮ್ಮ ಗೇಟಿನ ಹೊರಗೆ, ಟೆಂಪೋದ ನೆರಳಿನಲ್ಲಿ,
ಪೋತ್ನಾಳ, ಮಾನ್ವಿ ತಾಲ್ಲೂಕು.

ಗೆ,
ಶ್ರೀ ಮಹಾಂತಯ್ಯನವರು,
ರೈಸ್ ಮಿಲ್ಲಿನ ಹಾಗೂ ಸದರಿ ಗೇಟಿನ ಮಾಲೀಕರು
(ಸದ್ಯ ಪೂಜೆಯಲ್ಲಿ).

ವಿಷಯ: ಮೂರು ಮೀನು, ಒಂದು ಗಾಜಿನ ತೊಟ್ಟಿ ಹಾಗೂ ಕ್ಯಾನುಗಳಲ್ಲಿ ತುಂಬಿದ ಸಮುದ್ರದೊಂದಿಗೆ ಬಾಡಿಗೆ ಮನೆಯ ಹೊಸ್ತಿಲು ದಾಟಲು ಅನುಮತಿ ಕೋರಿ.

ಉಲ್ಲೇಖ: 1. ಮನೆ ಕೊಡುವಾಗ ತಾವು ಫೋನಿನಲ್ಲಿ ವಿಧಿಸಿದ ಷರತ್ತು: "ಮೀನ, ಮಾಂಸ, ತತ್ತಿ ಹೊಸ್ತಿಲಾ ದಾಟಂಗಿಲ್ಲ. ಹೊರಗ ಏನರ ತಿನ್ಕೊಂಡು ಬರ್ರಿ."
2. ಇಂದು ಬೆಳಿಗ್ಗೆ ಗೇಟಿಗೆ ಕೈ ಅಡ್ಡ ಹಿಡಿದು ತಾವು ಹೊರಡಿಸಿದ ಮೌಖಿಕ ಆದೇಶ: "ಏನಿದ್ರೂ ಬರದು ಕೊಡ್ರಿ. ಪೂಜಿ ಮುಗಿಸಿ ನೋಡ್ತೀನಿ."

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಪೂಜೆಯ ಗಂಟೆ ಇನ್ನೂ ಕೇಳುತ್ತಿರುವುದರಿಂದಲೂ, ಬಕೆಟ್ಟಿನ ನೀರು ಬಿಸಿಯಾಗುತ್ತಿರುವುದರಿಂದಲೂ, ಪಂಪಿನ ಬ್ಯಾಟರಿ ತಮ್ಮ ಪೂಜೆಯಷ್ಟು ದೀರ್ಘ ಬಾಳಿಕೆಯದ್ದಲ್ಲವಾದ್ದರಿಂದಲೂ, ಅವಸರದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಉಪ್ಪುನೀರಿನ ಅಕ್ವೇರಿಯಂ ರಾಯಚೂರಿನ ನನ್ನ ಹಳೆಯ ಮನೆಯಲ್ಲಿ ನಾಲ್ಕು ವರ್ಷ ನೆಲೆ ನಿಂತದ್ದು. ನೆಲೆ ನಿಂತದ್ದು ಎಂದರೆ, ಅದರ ಕಲ್ಲುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳ ಒಂದು ಊರೇ ಇದ್ದು, ಮೀನಿನ ಹೊಲಸನ್ನು ದಿನಾಲೂ ತಪ್ಪದೆ ವಿಲೇವಾರಿ ಮಾಡುತ್ತದೆ. (ಇಂಥ ಸೌಲಭ್ಯ ನಮ್ಮ ಓಣಿಗೆ ಇರಲಿಲ್ಲ.) ಕಲ್ಲು ಒಣಗಿದರೆ ಆ ಊರು ಸಾಯುತ್ತದೆ, ಊರು ಸತ್ತರೆ ಮೀನು ಸಾಯುತ್ತವೆ. ಕಾರಣ, ಹಳೆಯ ನೀರನ್ನೇ ಕ್ಯಾನುಗಳಲ್ಲಿ ತುಂಬಿ, ಕಲ್ಲುಗಳನ್ನು ಅದರಲ್ಲೇ ಮುಳುಗಿಸಿ, ಮೀನುಗಳನ್ನು ಬಕೆಟ್ಟಿನಲ್ಲಿ ಬ್ಯಾಟರಿ ಪಂಪಿನ ಗಾಳಿಯ ಮೇಲೆ ತರಲಾಗಿದೆ. ದಾರಿಯಲ್ಲಿ ನೀರು ಕೆಡಬಾರದೆಂದು ನಿನ್ನೆಯಿಂದ ಅವುಗಳಿಗೆ ಉಪವಾಸ. ನಿನ್ನೆ ಸೋಮವಾರವಾಗಿತ್ತು ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

2. ದಾರಿಯುದ್ದಕ್ಕೂ ರಸ್ತೆ ಹಂಪುಗಳಿಂದ ಅಪಾರ ತೊಂದರೆಯಾಯಿತು. (ಇದರಲ್ಲಿ ತಮ್ಮ ಮಾತೃಶ್ರೀ ಹಂಪಮ್ಮನವರ ಪಾತ್ರ ಏನೂ ಇಲ್ಲ. ಅವರ ಪಾತ್ರ ಮುಂದೆ ಬರುತ್ತದೆ.) ಟೆಂಪೋ ಚಾಲಕ ಶಂಶುದ್ದೀನ್ ಭಾಯಿ ನೊಂದು ನುಡಿದದ್ದು: "ಸರ್, ಭತ್ತ ಹೊತ್ತೀನಿ, ಹತ್ತಿ ಹೊತ್ತೀನಿ, ಮದಿವಿ ಮಂದೀನೂ ಹೊತ್ತೀನಿ. ಗಾಡ್ಯಾಗ ತೆರಿ ಎದ್ದಿದ್ದು ಇದೇ ಪೈಲಾ!"

3. ಚೆಲ್ಲಿದ ನೀರಿನ ಬಾಬ್ತು, ಮಾನ್ವಿಯ ಶುದ್ಧ ನೀರಿನ ಘಟಕದಲ್ಲಿ ಕ್ಯಾನು ಹಿಡಿದು ಅಲ್ಲೇ ಸಮುದ್ರದ ಉಪ್ಪು ಕಲಸುತ್ತಿರುವಾಗ, ಪಾಳಿಯಲ್ಲಿದ್ದ ಆದೆಮ್ಮ ಎಂಬುವವರು ಕೊಡ ಕೆಳಗಿಟ್ಟು ಆಕ್ಷೇಪಣೆ ಸಲ್ಲಿಸಿದರು: "ಯಪ್ಪಾ, ಬೋರಿನ ಉಪ್ಪುನೀರು ಕುಡ್ಯಾಕ ಆಗವಲ್ದಂತ ನಾವು ಇಲ್ಲಿ ನಿಂತೀವಿ. ನೀನು ಸಿಹಿನೀರು ಹಿಡದು ಅದಕ್ಕ ಉಪ್ಪ ಹಾಕಾಕತ್ತೀಯಲ್ಲೋ! ನಮ್ಮ ಬೋರಿಗೆ ಬಂದಿದ್ರ ಪುಕ್ಕಟೆ ಕೊಡ್ತಿದ್ದೆ." ನನ್ನ ಎಂ.ಎ. ಇಲ್ಲಿ ಕೆಲಸಕ್ಕೆ ಬರಲಿಲ್ಲ.

4. ತಮ್ಮ ಗೇಟಿನಲ್ಲಿ ನಡೆದ ಮಾತುಕತೆಯನ್ನು ದಾಖಲೆಗಾಗಿ ನಮೂದಿಸಲಾಗಿದೆ.

ತಾವು: "ಮೀನ ಬರಂಗಿಲ್ಲ ಅಂದಿದ್ದೆ ಹೌದಲ್ರೀ ಮಾಸ್ತರ?"
ನಾನು: "ಇವು ತಿನ್ನೂ ಮೀನಲ್ರೀ ಸಾವ್ಕಾರ್ರ, ಸಾಕಿದ್ವು."
ತಾವು: "ಸಾಕಿದ್ದನ್ನ ತಿನ್ನಂಗಿಲ್ಲೇನು ನಿಮ್ಮ ಮಂದಿ?"

ನಾನು ಕುರಿ ಸಾಕುವ ಮನೆತನದಿಂದ ಬಂದವನು. ಆದ್ದರಿಂದ ತಾವು ಒಳಗೆ ಹೋದ ನಂತರ ಸದರಿ ಮಾತನ್ನು ತಮ್ಮದೇ ಧ್ವನಿಯಲ್ಲಿ, ಮೊದಲು ಕೆಮ್ಮಿ, ಟವೆಲ್ಲನ್ನು ಹೆಗಲಿಗೆ ಎಸೆದು, ಶಂಶುದ್ದೀನ್ ಭಾಯಿಗೆ ಮಾಡಿ ತೋರಿಸಿದೆ. ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಮಾಡಿದೆ. "ಮಾಂತಾ, ಇಷ್ಟ್ ಲಗೂನ ಪೂಜಿ ಮುಗೀತೇನಪಾ?" ಎನ್ನುತ್ತಾ ಹಂಪಮ್ಮನವರು ಹೊರಗೆ ಬರಲು ಇದೇ ಕಾರಣ. ಮುಂದಿನದಕ್ಕೆಲ್ಲ ನನ್ನ ಗಂಟಲೇ ಹೊಣೆ.

5. ಮಗನಿಲ್ಲದ ಕಡೆ ಮಗನ ಧ್ವನಿ ಕೇಳಿದ ಹಂಪಮ್ಮನವರು ನನ್ನನ್ನು ಒಮ್ಮೆ, ಬಕೆಟ್ಟುಗಳನ್ನು ಒಮ್ಮೆ ನೋಡಿದರು. ಮೊದಲ ಬಕೆಟ್ಟಿನಲ್ಲಿ ಕಿತ್ತಳೆ ಬಣ್ಣದ ಜೋಡಿ ಮೀನು, ಒಂದೊಂದರ ಮೈಮೇಲೂ ಮೂರು ಬಿಳಿ ಪಟ್ಟೆ. ಅಜ್ಜಿ ಸೆರಗು ಸರಿಮಾಡಿಕೊಂಡು ಕೈ ಮುಗಿದರು.

"ಮೂರು ಬೆರಳಿಲೆ ಇಬತ್ತಿ ಹಚ್ಕೊಂಡಾವ ನೋಡು! ಮ್ಯಾಲ ಕಾವಿ! ಯಾ ಮಠದ್ವೋ ಏನೋ, ಶಿವನೇ. ಇವನ್ಯಾಕ ಬಿಸಿಲಾಗ ನಿಂದ್ರಿಸೀರಿ? ತರ್ರಿ ಒಳಗ."

ಎರಡನೇ ಬಕೆಟ್ಟಿನ ನೀಲಿ ಮೀನು ಕಂಡು ಅವರ ಮುಖ ಬದಲಾಯಿತು. "ಈ ನೀಲಿದು ಯಾವ ಮಂದಿ? ಇಬತ್ತಿಲ್ಲ, ಏನಿಲ್ಲ. ಇದು ಹೊರಗ ಇರ್ಲಿ."

6. ಬರೆದು ಕೊಡಿ ಎಂದು ತಾವೇ ಆದೇಶಿಸಿರುವ ಕಾರಣ ನಿಜವನ್ನೇ ಬರೆಯಬೇಕಾಗಿದೆ. ವಿಭೂತಿ ಹಚ್ಚಿಕೊಂಡಂತೆ ಕಾಣುವ ಜೋಡಿಯೇ ಸಿಗಡಿ ತಿನ್ನುವುದು. ಸಿಗಡಿಯ ಡಬ್ಬಿ ಥರ್ಮಾಕೋಲ್ ಪೆಟ್ಟಿಗೆಯಲ್ಲಿದೆ. ನೀಲಿಯದು ಸೊಪ್ಪಿನ ಮೇಲೇ ಬದುಕುವುದು. ಇದನ್ನು ಅಜ್ಜಿಗೆ ತಿಳಿಸಲಾಗಿ, ಅವರು "ಸುಳ್ಳ ಹೇಳ್ತಿ! ಇಬತ್ತಿ ಹಚ್ಕೊಂಡವರು ತಿಂತಾರೇನು?" ಎಂದು ಕೇಳಿದರು. ಶಂಶುದ್ದೀನ್ ಭಾಯಿ ಆಕಾಶ ನೋಡಿದರು.

ಅಜ್ಜಿ ಸುಮ್ಮನಾಗಲಿಲ್ಲ. ಅಡುಗೆಮನೆಯಿಂದ ಪಾಲಕ್ ಎಲೆ ತಂದು ಮೊದಲು ಕಿತ್ತಳೆ ಜೋಡಿಗೆ ಹಿಡಿದರು. ಅವು ಮುಖ ತಿರುಗಿಸಿದವು. ನೀಲಿಯದಕ್ಕೆ ಹಿಡಿದರು. ಅದು ನಿನ್ನೆಯ ಉಪವಾಸವನ್ನು ಅಲ್ಲೇ ಮುರಿಯಿತು.

7. ಷರತ್ತಿನ ವ್ಯಾಖ್ಯಾನ ಕುರಿತು: "ಮಾಂಸ" ಎಂದಷ್ಟೇ ಹೇಳಿದ್ದು, ಬದುಕಿದ್ದೋ ಸತ್ತದ್ದೋ ಎಂದು ತಾವು ತಿಳಿಸಿಲ್ಲ. ಬದುಕಿದ್ದೂ ಸೇರುವುದಾದರೆ ನಾನೂ ದಾಟುವಂತಿಲ್ಲ, ಕ್ಷಮಿಸಬೇಕು, ತಾವೂ ದಾಟುವಂತಿಲ್ಲ. ಇನ್ನು "ಹೊರಗ ತಿನ್ಕೊಂಡು ಬರ್ರಿ" ಎಂಬ ರಿಯಾಯಿತಿಯಂತೆ ನಾನು ಖಾನಾವಳಿಯಲ್ಲಿ ಉಂಡು ಬಾಯಿ ಮುಕ್ಕಳಿಸಿ ಬರಬಲ್ಲೆ. ಮೀನುಗಳು ಮುಕ್ಕಳಿಸುವುದನ್ನಷ್ಟೇ ಬಲ್ಲವು. ಆದ್ದರಿಂದ ಬಾಡಿಗೆ ಕರಾರನ್ನು ಸಸ್ಯಾಹಾರಿಯಾದ ನೀಲಿ ಮೀನಿನ ಹೆಸರಿಗೆ ಮಾಡಿ, ಕಿತ್ತಳೆ ಜೋಡಿಯನ್ನೂ ನನ್ನನ್ನೂ ಅದರ ಅವಲಂಬಿತರೆಂದು ಪರಿಗಣಿಸಬೇಕಾಗಿ ಕೋರುವ ಉದ್ದೇಶದಿಂದ ಈ ಅರ್ಜಿಯನ್ನು ಆರಂಭಿಸಲಾಗಿತ್ತು.

8. ಆದರೆ ಏಳನೇ ಅಂಶ ಬರೆಯುತ್ತಿರುವಾಗಲೇ ಪರಿಸ್ಥಿತಿ ಬದಲಾಗಿರುತ್ತದೆ. ಪಂಪಿನ ಸದ್ದು ಕುಗ್ಗಿತು. ಮೂರೂ ಮೀನು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಹಂಪಮ್ಮನವರು ಪೂಜಾಕೋಣೆಯ ಕಡೆ ನೋಡಿದರು, ಬಕೆಟ್ಟಿನ ಕಡೆ ನೋಡಿದರು.

"ಏನ್ ತಿಂದ್ರೇನು, ಬಿಸಿಲಾಗ ಸಾಯಬೇಕೇನು? ಎತ್ತೋ ಸಾಬಾ!"

ಅಜ್ಜಿ ಒಂದು ಬಕೆಟ್ಟು, ಶಂಶುದ್ದೀನ್ ಭಾಯಿ ಒಂದು. ಹಿಂದೆಯೇ ತೊಟ್ಟಿ, ಕಲ್ಲು, ಕ್ಯಾನು. ಸಿಗಡಿಯ ಡಬ್ಬಿಯಿದ್ದ ಥರ್ಮಾಕೋಲ್ ಪೆಟ್ಟಿಗೆಯೂ ಇವುಗಳ ಸಂದಿಯಲ್ಲಿ ದಾಟಿತೆಂದು ಕಾಣುತ್ತದೆ. ಪಂಪನ್ನು ತಮ್ಮ ಪಡಸಾಲೆಯ ಪ್ಲಗ್ಗಿಗೆ ಸಿಕ್ಕಿಸಲಾಗಿದ್ದು, ಗುಳುಗುಳು ಸದ್ದು ಗೇಟಿನವರೆಗೆ ಕೇಳುತ್ತಿದೆ. ನಾನೂ ಹಿಂಬಾಲಿಸಲಾಗಿ, ಅಜ್ಜಿ ಹೊಸ್ತಿಲಲ್ಲಿ ತಿರುಗಿ, "ನೀ ಎಲ್ಲಿಗೆ? ಮಾಂತ ಬರೀರಿ ಅಂದಾನಲ್ಲ, ಬರಿ ಮೊದ್ಲು" ಎಂದು ಗೇಟು ಹಾಕಿದರು.

ಆದ್ದರಿಂದ ಹಾಗೂ ಈ ಕಾರಣ, ಮೀನುಗಳ ಮಟ್ಟಿಗೆ ಈ ಅರ್ಜಿ ಇತ್ಯರ್ಥವಾಗಿದೆ ಎಂದು ಭಾವಿಸಿ, ಅರ್ಜಿದಾರನ ಮಟ್ಟಿಗೆ ಮಾತ್ರ ಪರಿಶೀಲಿಸಬೇಕಾಗಿ ವಿನಂತಿ. ಮೀನುಗಳನ್ನು ತೊಟ್ಟಿಯ ಹೊಸ ನೀರಿಗೆ ಹನಿಹನಿಯಾಗಿ ಒಗ್ಗಿಸಬೇಕಿದ್ದು, ಅದು ಬಲ್ಲ ಒಬ್ಬನೇ ಹೊರಗಿದ್ದಾನೆ.

ತಮ್ಮ ವಿಶ್ವಾಸಿ
(ತಾವು ವಿಶ್ವಾಸವಿಟ್ಟಲ್ಲಿ),
ಕನಕರಾಜ

ಅಡಕಗಳು:
1. ಪಾಲಕ್ ಎಲೆ, ನೀಲಿ ಮೀನು ಕಚ್ಚಿದ್ದು: ಒಂದು.
2. ಸಿಗಡಿ: ಲಗತ್ತಿಸಿಲ್ಲ. ಈಗಾಗಲೇ ತಮ್ಮ ಮನೆಯಲ್ಲಿದೆ.

ವಿ.ಸೂ.: ಪಾಲಕ್ ಇನ್ನೂ ಉಳಿದಿದ್ದಲ್ಲಿ ಗೇಟಿನ ಸಂದಿಯಿಂದ ಒಂದೆಲೆ ಹಿಡಿಯಬೇಕಾಗಿ ಕೋರಿಕೆ. ತಮ್ಮ ಸಮಕ್ಷಮದಲ್ಲಿ ತಿಂದು ತೋರಿಸಲು ಅರ್ಜಿದಾರ ಸಿದ್ಧನಿದ್ದಾನೆ. ಅವನಿಗೂ ನಿನ್ನೆಯಿಂದ ಉಪವಾಸ.