ಶುಗರ್ ಸಾಹೇಬರ ಪಥ್ಯ

ಮಧುಗಿರಿಗೆ ವರ್ಗವಾಗಿ ಬಂದ ದಿನ, ಸಾಮಾನಿನ ಲಾರಿ ಇನ್ನೂ ಬಾಗಿಲಲ್ಲಿ ನಿಂತಿರುವಾಗಲೇ, ವೀರಭದ್ರಯ್ಯನವರು ಪಾತ್ರೆಯ ರಟ್ಟಿನ ಪೆಟ್ಟಿಗೆಯ ಮೇಲೆ ಒಂದು ಕಾಲಿಟ್ಟು ಘನಘೋರ ಪ್ರತಿಜ್ಞೆಯೊಂದನ್ನು ಮಾಡಿದರು.

"ನೋಡು ಮಂಗಳಾ, ಮೈಸೂರಲ್ಲಿ ಹದಿನಾಲ್ಕು ವರ್ಷ ಅಪಾರ್ಟ್‌ಮೆಂಟಲ್ಲಿದ್ವಿ. ಎದುರು ಮನೆಯವನ ಹೆಸರು ನನಗೆ ಗೊತ್ತಿರಲಿಲ್ಲ, ನನ್ನ ಹೆಸರು ಅವನಿಗೆ ಗೊತ್ತಿರಲಿಲ್ಲ. ಅದಕ್ಕೇ ಸುಖವಾಗಿದ್ವಿ! ಇದು ಹಾಗಲ್ಲ. ಅತ್ತ ಹಳ್ಳಿಯೂ ಅಲ್ಲ, ಇತ್ತ ದೊಡ್ಡ ಸಿಟಿಯೂ ಅಲ್ಲ. ಇಂಥ ಊರಲ್ಲಿ ಜನಕ್ಕೆ ಪುರುಸೊತ್ತೂ ಇರುತ್ತೆ, ಫೋನೂ ಇರುತ್ತೆ. ನಮ್ಮ ಮನೆಯ ಒಂದೇ ಒಂದು ವಿಷಯ ಗೇಟು ದಾಟಕೂಡದು!"

"ಗೇಟು ದಾಟೋವಂಥ ವಿಷಯ ನಮ್ಮನೇಲಿ ಏನಿದೆ?" ಎಂದರು ಮಂಗಳಾ.

ಪ್ರತಿಜ್ಞೆ ಮಾಡುವವರು ಇಂಥ ಸಣ್ಣಪುಟ್ಟ ಪ್ರಶ್ನೆಗೆಲ್ಲ ನಿಂತರೆ ಇತಿಹಾಸ ಮುಂದೆ ಸಾಗುವುದಾದರೂ ಹೇಗೆ? ವೀರಭದ್ರಯ್ಯನವರು ಮೊದಲು ಕಿಟಕಿಗಳಿಗೆ ಪರದೆ ಬಿಟ್ಟರು. ಬೀದಿ ಕಡೆಗೆ, ಹಿತ್ತಲ ಕಡೆಗೆ, ಕೊನೆಗೆ ಊರಿನ ಏಕಶಿಲಾ ಬೆಟ್ಟದ ಕಡೆಗೂ. ಆ ಬೋಳು ಬಂಡೆ ಯಾವ ಕೋಣೆಯಲ್ಲಿ ನಿಂತರೂ ಹೆಗಲ ಮೇಲಿಂದ ಇಣುಕಿದಂತೆ ಕಾಣುತ್ತಿತ್ತು. ಅದಕ್ಕೂ ಯಾವ ವಿಷಯವೂ ತಿಳಿಯುವುದು ಬೇಡವೆಂದು ಅವರ ಅಭಿಪ್ರಾಯ.

ಇಷ್ಟು ಬಂದೋಬಸ್ತು ಮಾಡಿ ಕೂರುವಷ್ಟರಲ್ಲಿ ಬಾಗಿಲು ಸದ್ದಾಯಿತು. ಮನೆಯ ಒಡತಿ ಪಾಪಕ್ಕ. ಅದೇ ಕಾಂಪೌಂಡಿನಲ್ಲಿ ಪಕ್ಕದ ಮನೆ ಆಕೆಯದು. ಕೈಯಲ್ಲೊಂದು ಸ್ಟೀಲ್ ತಟ್ಟೆ, ತಟ್ಟೆಯ ಮೇಲೆ ಬಾಳೆ ಎಲೆ, ಎಲೆಯ ಕೆಳಗಿನಿಂದ ಬೇಳೆ ಒಬ್ಬಟ್ಟಿನ ಬಿಸಿ ಬಿಸಿ ಪರಿಮಳ!

ಇಲ್ಲಿ ಒಂದು ಗುಟ್ಟು ಹೇಳಲೇಬೇಕು. ವೀರಭದ್ರಯ್ಯನವರಿಗೆ ಸಿಹಿ ಎಂದರೆ ಪ್ರಾಣ. ಮೈಸೂರು ಬಿಟ್ಟು ಬರುವಾಗ ಅವರ ಕಣ್ಣು ತುಂಬಿದ್ದು ಒಂದೇ ಜಾಗದಲ್ಲಿ, ಬೀದಿ ಕೊನೆಯ ಸ್ವೀಟ್ ಅಂಗಡಿಯ ಮುಂದೆ. ಈಗ ತಟ್ಟೆ ಕಂಡೊಡನೆ ಕೈ ತಾನಾಗಿ ಮುಂದೆ ಹೋಯಿತು. ಆದರೆ ಪ್ರತಿಜ್ಞೆ ಅಡ್ಡ ಬಂತು. ತಟ್ಟೆ ತಗೊಂಡರೆ ಖಾಲಿ ವಾಪಸು ಕೊಡುವಂತಿಲ್ಲ, ಏನಾದರೂ ಹಾಕಿಯೇ ಕೊಡಬೇಕು. ಕೊಟ್ಟರೆ ಆಕೆ ಮತ್ತೆ ತರುತ್ತಾಳೆ. ತಟ್ಟೆಗಳ ಓಡಾಟ ಶುರುವಾಯಿತೆಂದರೆ ಒಂದೊಂದು ತಟ್ಟೆಯ ಜೊತೆಗೂ ನಾಲ್ಕು ನಾಲ್ಕು ಪ್ರಶ್ನೆ ಒಳಗೆ ಬರುತ್ತವೆ.

"ಒಸಿ ಬಾಯಿ ಸೀ ಮಾಡ್ಕಳಿ ಸಾ, ಹೊಸ್ದಾಗಿ ಬಂದಿದೀರ" ಎಂದಳು ಪಾಪಕ್ಕ.

"ಬೇಡಮ್ಮ. ನನಗೆ ಶುಗರ್!" ಎಂದುಬಿಟ್ಟರು.

ತಮ್ಮ ಸಮಯಸ್ಫೂರ್ತಿಗೆ ತಾವೇ ಬೆರಗಾದರು. ಪಾಪಕ್ಕ ಮಾತ್ರ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು ಕೆನ್ನೆಯ ಮೇಲೆ ಕೈಯಿಟ್ಟಳು.

"ಅಯ್ಯೋ ಶಿವ್ನೇ! ಎಷ್ಟೈತೆ ಸಾ?"

ಶುಗರನ್ನು ಎಣಿಸುತ್ತಾರೆಂಬುದೇ ಅವರಿಗೆ ಆಗ ನೆನಪಾದದ್ದು. ಸುಳ್ಳಿಗೆ ಸ್ವಲ್ಪ ತೂಕವಿರಲಿ ಎಂದು, "ಮುನ್ನೂರು" ಎಂದರು.

"ಮುನ್ನೂರಾ! ನಮ್ಮ ಯಜಮಾನ್ರಿಗೆ ಇನ್ನೂರೈವತ್ತಕ್ಕೇ ಕಾಲಿನ ಬೆಳ್ಳು ತೆಗೆದ್ರು ಕಣ್ ಸಾ! ನೀವು ಇಂಗೆ ನಿಂತ್ಕಂಡು ಮಾತಾಡ್ತಾ ಇದೀರಲ್ಲ, ಒಳೀಕ್ ಓಗಿ ಕೂತ್ಕಳಿ ಮೊದ್ಲು!"

ಬಾಗಿಲು ಮುಚ್ಚಿ ಮೀಸೆ ತಿರುವುತ್ತ ಒಳಗೆ ಬಂದರೆ, ಮಂಗಳಾ ಅಡುಗೆಮನೆಯಲ್ಲಿ ಒಬ್ಬಟ್ಟು ತಿನ್ನುತ್ತಿದ್ದರು. ತಟ್ಟೆ ಹಿತ್ತಲ ಬಾಗಿಲಿನಿಂದ ಬಂದಿತ್ತು.

"ನನಗೊಂದು?"

"ಮುನ್ನೂರು ಇರೋರು ತಿನ್ನಬಾರದು" ಎಂದರು ಮಂಗಳಾ. "ಪಾಪಕ್ಕ ನನ್ನ ಕೈಲಿ ಆಣೆ ಹಾಕಿಸ್ಕೊಂಡು ಹೋಗಿದ್ದಾರೆ."

ಮರುದಿನ ಬೆಳಿಗ್ಗೆ ಆರು ಗಂಟೆಗೆ ಪಾಪಕ್ಕ ಮತ್ತೆ ಪ್ರತ್ಯಕ್ಷಳಾದಳು. ಕೈಯಲ್ಲಿ ಹಾಗಲಕಾಯಿ ರಸದ ದೊಡ್ಡ ಲೋಟ. ಅಲ್ಲಿಟ್ಟು ಹೋಗಿದ್ದರೆ ತೊಟ್ಟಿಗೆ ಸುರಿಯಬಹುದಿತ್ತು. ಆದರೆ ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕೊನೆಯ ಹನಿ ಗಂಟಲಿಗಿಳಿಯುವವರೆಗೂ ಕದಲಲಿಲ್ಲ. ಲೋಟ ಖಾಲಿ ಕೊಡಬಾರದೆಂದು ಮಂಗಳಾ ಅದರ ತುಂಬ ಸಕ್ಕರೆ ಹಾಕಿ ಕಳಿಸಿದರು. ದಿನವೂ ಹೀಗೇ ನಡೆದು, ಆರನೆಯ ದಿನಕ್ಕೆ ಡಬ್ಬಿಯಲ್ಲಿದ್ದ ಸಕ್ಕರೆಯೆಲ್ಲ ಗೇಟು ದಾಟಿತ್ತು.

ಆಯಿತು, ಮನೆಯಲ್ಲಿ ಇಲ್ಲದಿದ್ದರೆ ಊರಲ್ಲಿಲ್ಲವೇ! ಬಸ್ ಸ್ಟ್ಯಾಂಡ್ ಬಳಿಯ ನಬೀ ಸಾಬರ ಬೇಕರಿಗೆ ಹೋಗಿ, ಗಾಜಿನ ಪೆಟ್ಟಿಗೆಯತ್ತ ಬೆರಳು ತೋರಿಸಿ, "ಎರಡು ದಿಲ್‌ಪಸಂದ್" ಎಂದರು.

ನಬೀ ಸಾಬರು ಕನ್ನಡಕ ಮೇಲೇರಿಸಿ ನೋಡಿದರು. "ಪಾಪಕ್ಕನ ಮನೆಗೆ ಬಂದಿರೋ ಸಾಹೇಬ್ರಲ್ವಾ? ಮುನ್ನೂರು!"

"ಅಯ್ಯೋ, ನನಗಲ್ಲ. ನಮ್ಮ ಮನೆಯವರಿಗೆ!"

"ಅಮ್ಮಾವ್ರಿಗೆ ಹತ್ತು ಗಂಟೆಗೇ ಕೊಟ್ಟಿದೀನಿ ಸಾಹೇಬ್ರೇ. ನಿಮ್ಗೆ ಕೊಟ್ರೆ ನಮ್ಗೆ ಪಾಪ, ಗುನಾ ಆಗ್ತದೆ. ತಗೋಳಿ, ಗೋಧಿ ರಸ್ಕು. ಸಕ್ಕರೆ ಹಾಕ್ದೆ ನಿಮ್ಗೋಸ್ಕರಾನೇ ಮಾಡ್ಸಿದೀನಿ!"

ಬಂದು ಒಂದು ವಾರವಾಗಿರಲಿಲ್ಲ, ಅವರ ಹೆಸರಲ್ಲಿ ಆಗಲೇ ಒಂದು ರಸ್ಕು ಬೆಂದಿತ್ತು! ಆಫೀಸಿನ ಕಥೆಯೂ ಅಷ್ಟೇ. ಗುಮಾಸ್ತ ಬಸವೇಶ್ ತನಗೆ ಮಗಳು ಹುಟ್ಟಿದ ಖುಷಿಗೆ ಎಲ್ಲರ ಮೇಜಿಗೂ ಜಾಮೂನು ಹಂಚಿದ. ಸೂಪರಿಂಟೆಂಡೆಂಟರಾದ ಇವರ ಮೇಜಿಗೆ ಬಂದಾಗ ಜಾಮೂನಿನ ಪಾತ್ರೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಮೊಳಕೆ ಹೆಸರುಕಾಳಿನ ಬಟ್ಟಲಿಟ್ಟ. "ನಿಮ್ಗೆ ಸ್ಪೆಷಲ್ ಸಾರ್. ನಮ್ಮನೆಯವಳು ಬಾಣಂತಿ ಅಂದ್ರೂ ಕೇಳ್ದೆ, ಸಾರ್‌ಗೆ ಬ್ಯಾರೆ ಮಾಡ್ಬೇಕು ಅಂತ ನೆನೆ ಹಾಕ್ಸಿದ್ಲು." ಬಾಣಂತಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಕಾಳು ಅಗಿದರು.

ಇಪ್ಪತ್ತು ದಿನ ಕಳೆದವು. ರಾತ್ರಿ ಕನಸಿನಲ್ಲಿ ಜಹಾಂಗೀರುಗಳು ಸಾಲಾಗಿ ಬಂದು ನಮಸ್ಕಾರ ಹೇಳಿ ಹೋಗುತ್ತಿದ್ದವು. ಇನ್ನು ತಡೆಯಲಾರದೆ ಒಂದು ಭಾನುವಾರ, "ಆಫೀಸಿನ ಕೆಲಸ" ಎಂದು ಮಂಗಳಾಗೆ ಹೇಳಿ ಸಿರಾ ಬಸ್ಸು ಹತ್ತಿದರು. ಸಿರಾದಲ್ಲಿ ಅವರನ್ನು ಬಲ್ಲ ನರಪಿಳ್ಳೆಯಿಲ್ಲ! ಇಳಿದವರೇ ಮೊದಲು ಕಂಡ ಸ್ವೀಟ್ ಅಂಗಡಿಗೆ ನುಗ್ಗಿದರು. ಅಂಗಡಿಯ ಹುಡುಗ ಅಜರ್ ತಟ್ಟೆಯಲ್ಲಿ ನಾಲ್ಕು ಜಹಾಂಗೀರು ಇಟ್ಟು, ಸುಮ್ಮನೆ ಸೌಜನ್ಯಕ್ಕೆ ಕೇಳಿದ.

"ಯಾವ ಕಡೆಯಿಂದ ಬಂದ್ರಿ ಸಾರ್?"

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಎದುರಿಗೆ ನಾಲ್ಕು ಜಹಾಂಗೀರು ಹೊಳೆಯುತ್ತಿರುವಾಗ ಮನುಷ್ಯ ಉದಾರಿಯಾಗುತ್ತಾನೆ.

"ಮಧುಗಿರಿ. ಅಲ್ಲಿ ಸೂಪರಿಂಟೆಂಡೆಂಟು!"

"ಓಹೋ! ನಮ್ಮ ಮಾವ ಅಲ್ಲೇ ಬೇಕರಿ ಇಟ್ಟವ್ರೆ, ನಬೀ ಸಾಬ್ ಅಂತ. ಮನೆ ಎಲ್ಲಿ ಸಾರ್?"

"ಪಾಪಕ್ಕ ಅಂತ ಒಬ್ಬರು..." ಎಂದವರು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡರು. ಆಗಲೇ ತಟ್ಟೆ ಅಜರ್‌ನ ಕೈಗೆ ವಾಪಸು ಹೋಗಿತ್ತು.

"ಶುಗರ್ ಸಾಹೇಬ್ರು! ಮಾವಂದು ದಿನಾ ನಿಮ್ದೇ ಮಾತು. ಬ್ಯಾಡ ಸಾರ್, ನನ್ ಕೈಯಾರೆ ಕೊಡೋಕ್ಕಾಗಲ್ಲ. ಕೂತ್ಕಳಿ, ಸಪ್ಪೆ ಟೀ ತರ್ಸ್ತೀನಿ."

ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಿಂದ ದೂರದಲ್ಲಿ ಬೆಟ್ಟ ಕಂಡಿತು. ಅದಕ್ಕೂ ಎಲ್ಲ ಗೊತ್ತಾದಂತಿತ್ತು. ಗೇಟಿನಲ್ಲಿ ಪಾಪಕ್ಕ ಕಣ್ಣು ತೇವ ಮಾಡಿಕೊಂಡು ನಿಂತಿದ್ದಳು. ಸಿರಾದಿಂದ ಫೋನು ಬಸ್ಸಿಗಿಂತ ಮೊದಲು ಬಂದಿತ್ತು.

ವೀರಭದ್ರಯ್ಯನವರ ತಾಳ್ಮೆ ಅಲ್ಲಿಗೆ ಮುಗಿಯಿತು. "ಪಾಪಕ್ಕ, ಕೇಳಿಲ್ಲಿ. ನನಗೆ ಶುಗರ್ ಇಲ್ಲ! ಅವತ್ತು ಹೇಳಿದ್ದು ಸುಳ್ಳು! ಹಸಿ ಸುಳ್ಳು!"

ಪಾಪಕ್ಕ ಮೆಲ್ಲಗೆ ತಲೆಯಾಡಿಸಿದಳು. "ನಮ್ಮನೆಯೋರೂ ಕೊನೇ ಗಂಟ ಇದೇ ಮಾತೇ ಅಂದಿದ್ದು ಸಾ."

ಇನ್ನು ಒಂದೇ ದಾರಿ. ವಿಜ್ಞಾನ! ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿಗೆ ಹೋದರು. ಬಿಂದುಶ್ರೀ ಎಂಬ ಹುಡುಗಿ ರಕ್ತ ತೆಗೆದಳು. ತಿಂಡಿ ತಿಂದು ಬಂದ ಮೇಲೆ ಮತ್ತೊಮ್ಮೆ ತೆಗೆದಳು. ಮಧ್ಯಾಹ್ನ ರಿಪೋರ್ಟು ಕೈಗೆ ಬಂತು. ತಿಂಡಿಗೆ ಮುಂಚೆ ತೊಂಬತ್ತೆರಡು, ಆಮೇಲೆ ನೂರಾ ಹದಿನೆಂಟು. ಅಚ್ಚ ನಾರ್ಮಲ್! ಅದನ್ನು ಜಯಪತ್ರದಂತೆ ಎತ್ತಿ ಹಿಡಿದು ಪೇಟೆ ಬೀದಿಯ ನಡುವೆ ನಡೆದರು. ಇನ್ನು ಯಾರು ತಡೆಯುತ್ತಾರೆ ನೋಡುತ್ತೇನೆ! ಸಂಜೆ ದಿಲ್‌ಪಸಂದ್, ರಾತ್ರಿ ಜಾಮೂನು, ನಾಳೆ ಬೆಳಿಗ್ಗೆ ಕೇಸರಿಬಾತು.

ಮನೆ ತಿರುವಿಗೆ ಬಂದರೆ ಗೇಟಿನ ಮುಂದೆ ಬೀದಿಯೆಲ್ಲ ಸೇರಿತ್ತು. ಬಿಂದುಶ್ರೀಯ ತಾಯಿ ಪಾಪಕ್ಕನ ಮನೆಗೆ ದಿನಾ ಹಾಲು ಹಾಕುವವಳು. ರಿಪೋರ್ಟು ಅವರಿಗಿಂತ ಮೊದಲೇ ಮನೆ ತಲುಪಿತ್ತು. ನಬೀ ಸಾಬರು ಅಂಗಡಿ ಬಿಟ್ಟು ಬಂದಿದ್ದರು. ಬಸವೇಶ್ ಅರ್ಧ ದಿನ ರಜೆ ಹಾಕಿದ್ದ.

"ಮುನ್ನೂರಿದ್ದದ್ದು ತೊಂಬತ್ತೆರಡು! ಒಂದೇ ತಿಂಗ್ಳಿಗೆ!" ಎಂದು ಕೂಗಿದ ಬಸವೇಶ್.

"ಗೋಧಿ ರಸ್ಕು!" ಎಂದರು ನಬೀ ಸಾಬರು. "ನಮ್ಮ ಮನೆಯವಳು ಮೆಹರುನ್ನಿಸಾಗೂ ಶುಗರ್ ಐತೆ ಸಾಹೇಬ್ರೇ, ಪಥ್ಯ ಅಂದ್ರೆ ಕೇಳಲ್ಲ. ಒಂದ್ಸಲ ಮನೆಗೆ ಬಂದು ನಿಮ್ಮ ವಿಷ್ಯ ಹೇಳಿ."

ವೀರಭದ್ರಯ್ಯನವರು ನಿಜ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪಾಪಕ್ಕ ಮುಂದೆ ಬಂದು ಅವರ ಎರಡೂ ಕೈ ಹಿಡಿದುಕೊಂಡಳು.

"ಕೊನೇ ವರ್ಸ ಯುಗಾದಿಗೆ ಒಂದೇ ಒಂದು ಒಬ್ಬಟ್ಟು ಕೊಡೇ ಅಂತ ಮಗಾ ಅಂಗೆ ಕೇಳುದ್ರು ಸಾ ನಮ್ಮನೆಯೋರು. ಮನ್ಸು ತಡೀನಾರ್ದೆ ಕೊಟ್ಬುಟ್ಟೆ. ಅವ್ರ್‌ನ ಉಳಿಸ್ಕಳಕ್ಕೆ ಆಗ್ಲಿಲ್ಲ. ನಿಮ್ಮನ್ನಾದ್ರೂ ಉಳಿಸ್ಕಂಡೆ ಬುಡಿ."

ವೀರಭದ್ರಯ್ಯನವರ ಬಾಯಿ ಮುಚ್ಚಿಕೊಂಡಿತು. ಮೈಸೂರಿನಲ್ಲಿ ಹದಿನಾಲ್ಕು ವರ್ಷ ಅವರು ಉಂಡರೋ ಬಿಟ್ಟರೋ ಎಂದು ಕೇಳಿದವರಿರಲಿಲ್ಲ. ಈ ಕೈಗಳಿಗೆ ಹೋಗಿ ಸುಳ್ಳು ಹೇಳಿದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು.

ಆಮೇಲೆ ಸಂಭ್ರಮ ಶುರುವಾಯಿತು. ಸಾಹೇಬರು ಗುಣವಾದ ಖುಷಿಗೆ ಪಾಪಕ್ಕ ತೊಂಬತ್ತೆರಡೆಂಬ ಸುದ್ದಿ ಬೆಳಿಗ್ಗೆಯೇ ಸಿಕ್ಕಾಗಿನಿಂದ ಒಲೆಯ ಮುಂದೆ ಕೂತು ಎಂಬತ್ತು ಒಬ್ಬಟ್ಟು ಬೇಯಿಸಿದ್ದಳು. ಬೀದಿಗೆಲ್ಲ ಹಂಚಿದಳು, ತುಪ್ಪ ಸುರಿದು! ನಬೀ ಸಾಬರು ಮೂರು ತಿಂದರು. ಬಸವೇಶ್ ಮನೆಗೆ ಕಟ್ಟಿಸಿಕೊಂಡ. ವೀರಭದ್ರಯ್ಯನವರು ಕೈ ಚಾಚಿ ಕಾದರು. ಕೊನೆಗೆ ಪಾಪಕ್ಕ ಅವರ ಕೈಗೂ ಇಟ್ಟಳು. ಹಾಗಲಕಾಯಿ ರಸದ ಲೋಟ! ಮಾಮೂಲಿಗಿಂತ ದೊಡ್ಡದು.

"ಈಗ ಬುಡಬ್ಯಾಡಿ ಸಾ! ಬುಟ್ರೆ ತಿರ್ಗಾ ಮುನ್ನೂರ್ಕೆ ಓಯ್ತದೆ. ನೀವು ಈ ಊರಲ್ಲಿ ಇರೋಗಂಟ ನಂದೇ ಜವಾಬ್ದಾರಿ!"

ಅವರು ಲೋಟ ಹಿಡಿದು ಗೋಡೆಗೊರಗಿ ನಿಂತಿದ್ದ ಮಂಗಳಾ ಬಳಿ ಸರಿದರು. "ನನ್ನ ಬಾಯಿಂದ ಹೇಳಕ್ಕಾಗ್ತಿಲ್ಲ. ನೀನಾದ್ರೂ ನಿಧಾನವಾಗಿ ಬಿಡಿಸಿ ಹೇಳೇ, ನನಗೆ ಯಾವತ್ತೂ ಶುಗರ್ ಇರಲಿಲ್ಲ ಅಂತ" ಎಂದು ಪಿಸುಗುಟ್ಟಿದರು.

ಮಂಗಳಾ ಎರಡನೆಯ ಒಬ್ಬಟ್ಟಿನ ಕೊನೆಯ ತುಂಡನ್ನು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟುಕೊಂಡು, ನಿಧಾನವಾಗಿಯೇ ಅಗಿದು ನುಂಗಿದರು.

"ಹೇಗ್ರೀ ಹೇಳೋದು? ನಮ್ಮ ಮನೆಯ ಒಂದೇ ಒಂದು ವಿಷಯ ಗೇಟು ದಾಟಕೂಡದು ಅಂದೋರು ನೀವೇ ಅಲ್ವಾ!"