ಜಾಗ ಯಾರದು, ಒಲೆ ಯಾರದು

ಜಾಗದ ತಗಾದೆ ಇದ್ದವರು ವಕೀಲರ ಆಫೀಸಿಗೆ ಅಳುತ್ತಾ ಬಂದು, ನಮ್ಮನ್ನು ನಗಿಸಿ ಹೋಗುವುದು ಆಗಾಗ ಆಗುತ್ತಲೇ ಇರುತ್ತದೆ. ನಾನು ಹಿಂದೆ ಏನೂ ಬರೆದವನಲ್ಲ. ಅರ್ಥವಾಗದೆ ಹೋದೀತು ಎಂಬ ಭಯಕ್ಕೆ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಶಿಡ್ಲಘಟ್ಟದಲ್ಲಿ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿದ್ದೆ. ನಮ್ಮ ಕಕ್ಷಿದಾರರು, ಅಂದರೆ ನಾವು ಯಾರ ಪರ ವಾದಿಸಬೇಕೋ ಅವರು, ಒಬ್ಬ ರೀಲರ್ ಸಾಹೇಬರು. ರೀಲರ್ ಅಂದರೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರು. ಅವರ ಮನೆ ಪಕ್ಕದ ಖಾಲಿ ಸೈಟು ಒಬ್ಬ ನಿವೃತ್ತ ಮೇಷ್ಟ್ರದು. ಅದರ ಅಂಚಿನಲ್ಲಿ ಸಾಹೇಬರ ಒಲೆ ಉರಿಯುತ್ತಿತ್ತು. ಜಾಗ ಬಿಡಿಸಿಕೊಡಿ ಎಂದು ಮೇಷ್ಟ್ರು ದಾವೆ ಹಾಕಿದರು. ಒಲೆ ಹೋದರೆ ಸಾಹೇಬರ ಅನ್ನ ಹೋದಂತೆ.

ಜಗಳ ಬೇಕಿತ್ತು

ಇನ್ನೊಬ್ಬರ ಜಾಗದಲ್ಲಿ ಹನ್ನೆರಡು ವರ್ಷ, ಅವರನ್ನು ಕೇಳದೆ, ಎಲ್ಲರ ಕಣ್ಣೆದುರಿಗೇ 'ಇದು ನಂದು' ಎಂದು ಕೂತಿದ್ದರೆ, ಆಮೇಲೆ ಏಳಿಸುವುದು ಕಷ್ಟ, ಜಾಗ ಕೂತವರದೇ ಆದಂತೆ. ಇದಕ್ಕೆ ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. 'ಕೇಳದೆ' ಅನ್ನುವುದು ಮುಖ್ಯ. ಕೇಳಿ ಕೂತವನು ಎಷ್ಟು ವರ್ಷ ಕೂತರೂ ನೆಂಟನೇ.

"ಮೇಷ್ಟ್ರಿಗೆ ವಿರೋಧವಾಗಿ ಕೂತಿದ್ದೆ ಅಂತ ಹೇಳ್ಬೇಕು ಸಾಹೇಬ್ರೇ," ಎಂದರು ನಮ್ಮ ಸೀನಿಯರ್.

"ವಿರೋಧ ಯಾಕ್ ಸಾರ್? ರಂಜಾನ್ ಬಂದ್ರೆ ಶೀರ್‌ಕುರ್ಮಾ ಮೊದಲು ಹೋಗೋದೇ ಅವರ ಮನೇಗೆ."

"ಒಂದ್ಸಲಾನೂ ಜಗಳ ಆಗಿಲ್ವಾ?"

ಸಾಹೇಬರು ಬೆರಳು ಮಡಚಿ ಒಂದೊಂದೇ ವರ್ಷ ಎಣಿಸಿ ನೋಡಿದರು.

"ಬೇಕಂದ್ರೆ ಈಗ ಹೋಗಿ ಆಡ್ಕೊಂಡ್ ಬರ್ತೀನಿ ಸಾರ್."

ವಾಸನೆಯ ಸಾಕ್ಷಿ

ಅಷ್ಟರಲ್ಲಿ ಪುರಸಭೆಯಿಂದ ನೋಟಿಸು ಬಂತು. ಊರಿನ ನಕ್ಷೆಯಲ್ಲಿ ಮನೆಗಳಿಗೆ ಒಂದು ವಲಯ, ಕಸುಬುಗಳಿಗೆ ಒಂದು ವಲಯ ಎಂದು ಗೆರೆ ಹಾಕಿರುತ್ತಾರೆ. ಈ ಬೀದಿ ಮನೆಗಳ ವಲಯ, ಒಲೆ ಇರಕೂಡದು. ಈಗ ನಮಗೆ ಪೇಚಾಟ. ಒಲೆ ಊರಿಗೆಲ್ಲ ಗೊತ್ತು ಎಂದರೆ ಕೋರ್ಟಿನಲ್ಲಿ ಬಚಾವು, ಪುರಸಭೆಯಲ್ಲಿ ಸಿಕ್ಕಿಬಿದ್ದಂತೆ.

ಸಾಕ್ಷಿಗೆ ಎದುರು ಮನೆ ಅಜ್ಜಿಯನ್ನು ಕರೆಸಿದೆವು.

"ಗೂಡು ಬೇಯೋ ನಾತಕ್ಕೆ ಹದಿನೈದು ವರ್ಷದಿಂದ ಮೂಗು ಮುಚ್ಕೊಂಡೇ ಅಡುಗೆ ಮಾಡ್ತಿದೀನಿ ಕಣಪ್ಪ. ಎಲ್ಲಿ ಬೇಕಾದ್ರೂ ಹೇಳ್ತೀನಿ."

ಸೀನಿಯರ್‌ಗೆ ಖುಷಿಯೋ ಖುಷಿ. "ಕೋರ್ಟಲ್ಲಿ ಹೇಳಮ್ಮ ಸಾಕು. ಪುರಸಭೆಯವರ ಮುಂದೆ ಮಾತ್ರ ಬೇಡ."

"ಅಯ್ಯೋ, ಅವ್ರಿಗೆ ಅರ್ಜಿ ಕೊಟ್ಟೋಳೇ ನಾನಲ್ವೇನಪ್ಪ," ಎಂದರು ಅಜ್ಜಿ.

ಒಂದೇ ದಿನ ಇಬ್ಬರು

ಜಾಗ ನೋಡಿ ವರದಿ ಕೊಡಲು ಕೋರ್ಟು ಒಬ್ಬ ವಕೀಲರನ್ನು ಕಳಿಸುತ್ತದೆ. ಅವರಿಗೆ ಕಮಿಷನರ್ ಎನ್ನುತ್ತಾರೆ. ಕಮಿಷನರ್ ಬಂದ ದಿನವೇ ಪುರಸಭೆಯ ಇನ್‌ಸ್ಪೆಕ್ಟರೂ ಬಂದುಬಿಟ್ಟರು. ಒಬ್ಬರಿಗಾಗಿ ಒಲೆ ಉರಿಯಬೇಕು, ಇನ್ನೊಬ್ಬರಿಗಾಗಿ ಆರಬೇಕು. ಮೇಷ್ಟ್ರೂ ಬಂದು ನಿಂತಿದ್ದರು.

"ಒಲೆ ಮೊದಲಿಂದ ಇದೆಯಾ?" ಎಂದರು ಕಮಿಷನರ್.

"ಹನ್ನೆರಡು ವರ್ಷದ ಮೇಲಾಯ್ತು ಸಾರ್," ಎಂದರು ಸಾಹೇಬರು.

"ಏನು ಬೇಯ್ತಿದೆ?" ಎಂದರು ಇನ್‌ಸ್ಪೆಕ್ಟರ್.

"ಸ್ನಾನಕ್ಕೆ ನೀರು ಸಾರ್."

ನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. "ದಂಡ ಜಾಗದ ಮಾಲೀಕರ ಮೇಲೆ ಬೀಳುತ್ತೆ. ಮಾಲೀಕರು ಯಾರು?"

ಅಲ್ಲಿಯವರೆಗೆ 'ನಂದು, ನಂದು' ಎನ್ನುತ್ತಿದ್ದ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮೊದಲು ಬಾಯಿ ಬಿಟ್ಟವರು ಸಾಹೇಬರು.

"ಮೇಷ್ಟ್ರೇ ಸಾರ್. ನಾನು ಅವರನ್ನ ಕೇಳಿಯೇ ಒಲೆ ಹಾಕಿದ್ದು."

"ಯಾವಾಗ ಕೇಳಿದ್ರಿ?" ಎಂದರು ಮೇಷ್ಟ್ರು. "ಕೇಳದೆ ಹನ್ನೆರಡು ವರ್ಷದ ಮೇಲಿಂದ ಕೂತವ್ರೆ ಸಾರ್. ಜಾಗ ಸಾಹೇಬ್ರದೇ, ಊರಿಗೆಲ್ಲ ಗೊತ್ತು."

ಕಮಿಷನರ್ ಎರಡನ್ನೂ ಬರೆದುಕೊಂಡರು. ಅಂದರೆ, ನಮ್ಮವರು ಎದುರಾಳಿಯ ಕೇಸು ಗೆದ್ದುಕೊಟ್ಟರು, ಎದುರಾಳಿ ನಮ್ಮ ಕೇಸು ಗೆದ್ದುಕೊಟ್ಟರು.

ಮುಂದೆ ರಾಜಿಯಾಗಿ, ಜಾಗ ಮೇಷ್ಟ್ರಿಗೆ ಹೋಯಿತು. ಒಲೆ ಊರಾಚೆ ಕಸುಬಿನ ವಲಯಕ್ಕೆ ಹೋಗಿ ಇನ್ನೂ ಚೆನ್ನಾಗಿ ಉರಿಯಿತು. ಅದು ಆಮೇಲಿನ ಮಾತು. ವರದಿ ಕೈಗೆ ಬಂದ ದಿನ ಸೀನಿಯರ್ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನು ಕೇಳಿದರು:

"ಇದರಲ್ಲಿ ನಮ್ಮ ಕಕ್ಷಿದಾರ ಯಾರಪ್ಪ?"