ಆದಿಲಕ್ಷ್ಮಮ್ಮನ ಗೋಸುಂಬೆ ಬೆಳೆ

“ರೇಷ್ಮೆಹುಳು ಸಾಕಿದ ಕೈ ಕಣೋ ಇದು! ಈ ಕೈಗೆ ಗೋಸುಂಬೆ ಏನು ಮಹಾ?”

ದೇವರಾಯಸಮುದ್ರದ ಆದಿಲಕ್ಷ್ಮಮ್ಮ ಹೀಗೆ ಸಾರಿದಾಗ ಅವಳ ಸೆರಗಿನಲ್ಲಿ ಎಂಟೊಂಬತ್ತು ಗೋಸುಂಬೆ ಮರಿಗಳಿದ್ದವು. ಮಗ ವೆಂಕಟ್ ಹಿಪ್ಪುನೇರಳೆ ತೋಟದ ಬದುವಿಗೆ ಟಿಲ್ಲರ್ ಹೊಡೆದಾಗ ಮಣ್ಣಿನಡಿಯಿಂದ ಮೇಲೆ ಬಿದ್ದ ಕೂಸುಗಳು. ಒಂದೊಂದೂ ಕಿರುಬೆರಳಿನಷ್ಟಿಲ್ಲ. ಬಿಸಿಲಿಗೆ ಬಾಡಿ, ಕಣ್ಣು ಗುಳಿಬಿದ್ದು, ಬಾಲ ಸುತ್ತಿಕೊಳ್ಳುವ ತ್ರಾಣವೂ ಇಲ್ಲದೆ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಬಿದ್ದಿದ್ದವು.

“ಗಿಡದ ಬುಡಕ್ಕೆ ಬಿಟ್ಬಿಡಮ್ಮ. ಬದುಕೋದಿದ್ರೆ ಬದುಕ್ತವೆ,” ಎಂದ ವೆಂಕಟ್.

“ನಿನ್ನನ್ನೂ ಹಂಗೇ ಬಿಟ್ಟಿದ್ರೆ ಗೊತ್ತಾಗ್ತಿತ್ತು ಕಣ್ಲಾ! ದಿನ ತುಂಬೋಕೆ ಮುಂಚೇನೇ ಹುಟ್ಟಿ ಇವಕ್ಕಿಂತ ಕಡೆಯಾಗಿದ್ದೆ. ಹುಳುಮನೆ ಬಿಸುಪಲ್ಲಿಟ್ಟು ಉಳಿಸ್ಕೊಂಡೆ.”

ಆ ಹುಳುಮನೆಯೇ ಈಗ ತಾಯಿ ಮಗನ ಜಗಳದ ಮೂಲ. ಅವರು ರೇಷ್ಮೆ ಬಿಟ್ಟು ವರ್ಷಗಳಾಗಿದ್ದವು. ಸೊಪ್ಪನ್ನು ಬೇರೆಯವರಿಗೆ ಮಾರುತ್ತಿದ್ದರು. ಆದರೆ ಹಿತ್ತಲಿನ ಹುಳುಮನೆಯಲ್ಲಿ, ತೀರಿಹೋದ ಗಂಡ ದೊಡ್ಡವೆಂಕಟಪ್ಪ ಬಿದಿರು ಸೀಳಿ ತನ್ನ ಕೈಯಾರೆ ಹೆಣೆದ ಚಂದ್ರಿಕೆಗಳು, ಹುಳು ಗೂಡು ಕಟ್ಟುವ ಆ ದೊಡ್ಡ ತಟ್ಟಿಗಳು, ಇನ್ನೂ ಗೋಡೆಗೊರಗಿ ನಿಂತಿದ್ದವು. ವೆಂಕಟ್‌ಗೆ ಆ ಜಾಗದಲ್ಲಿ ಟಿಲ್ಲರ್ ನಿಲ್ಲಿಸಲು ಶೆಡ್ ಬೇಕಿತ್ತು.

“ಸೋಮವಾರ ಕೆಡವೋರು ಬರ್ತಾರಮ್ಮ.”

“ಕಾಯಿಲೆ ಮಕ್ಕಳಿರೋ ಮನೇನ ಕೆಡವ್ತೀಯೇನ್ಲಾ?”

ವೆಂಕಟ್ ತಲೆ ಕೆರೆದುಕೊಂಡ. “ಸರಿ ಬಿಡು. ಸೋಮವಾರಕ್ಕೆ ಇವು ಚೇತರಿಸ್ಕೊಂಡು ಹಸುರಾಗಿ ಓಡಾಡ್ತಿದ್ರೆ ಹುಳುಮನೆ ನಿಂದು. ಇಲ್ದಿದ್ರೆ ಶೆಡ್.”

“ಆಯ್ತು ಕಣೋ. ನಿನ್ನ ಟಿಲ್ಲರ್‌ಗೆ ಬೇವಿನ ಮರದ ನೆರಳು ನೋಡ್ಕೋ!”

ಅಲ್ಲಿಂದ ಶುರುವಾಯಿತು ಆದಿಲಕ್ಷ್ಮಮ್ಮನ ದರ್ಬಾರು. ಒಂದು ಚಂದ್ರಿಕೆಯ ಧೂಳು ಕೊಡವಿ, ಮರಿಗಳನ್ನು ಅದರ ಬಿದಿರು ಸುರುಳಿಗಳಲ್ಲಿ ಕೂರಿಸಿದಳು. ಕಿಟಕಿಗೆ ಒದ್ದೆ ಗೋಣಿತಾಟು ಬಿತ್ತು. ಬಾಗಿಲಿಗೆ ಹಳೆಯ ನೈಲಾನ್ ಬಲೆ ಬಂತು, ಒಂದೇ ಒಂದು ನೊಣವೂ ಒಳಗೆ ಬಾರದಂತೆ. ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಬೆಳೆಯೇ ಹಾಳು. ಆ ಕುಲದ ಮೇಲೆ ಅವಳಿಗೆ ಜನ್ಮದ ಹಗೆ! ಎಳೆ ಸೊಪ್ಪು ತಂದಳು. ಒದ್ದೆ ಸೊಪ್ಪು ಹುಳುವಿಗೆ ಆಗದೆಂದು ಒಂದೊಂದು ಎಲೆಯನ್ನೂ ಸೆರಗಿನಲ್ಲಿ ಒರೆಸಿ, ಸಣ್ಣಗೆ ಹೆಚ್ಚಿ ಮರಿಗಳ ಮುಂದೆ ಹರಡಿದಳು. ಮರಿಗಳು ಒಂದು ಕಣ್ಣಿನಲ್ಲಿ ಸೊಪ್ಪನ್ನೂ ಇನ್ನೊಂದರಲ್ಲಿ ಅವಳನ್ನೂ ನೋಡಿದವು. ತಿನ್ನಲಿಲ್ಲ. ಗೋಣಿತಾಟಿನಿಂದ ತೊಟ್ಟಿಕ್ಕಿದ ನೀರನ್ನಷ್ಟೇ ನೆಕ್ಕಿದವು.

“ಜ್ವರಕ್ಕೆ ಕೂತವೆ,” ಎಂದು ತೀರ್ಪು ಕೊಟ್ಟಳು. ಪೊರೆ ಬಿಡುವ ಮುಂಚೆ ರೇಷ್ಮೆಹುಳು ಮೇವು ಬಿಟ್ಟು ಅಲುಗದೆ ಕೂರುವುದನ್ನು ಹುಳುವಿನವರು ಜ್ವರ ಅನ್ನುತ್ತಾರೆ. “ಎದ್ದಮೇಲೆ ಹೆಂಗೆ ಮುಕ್ತವೆ ನೋಡ್ತಿರು!”

ಜ್ವರ ಎಂದ ಕೂಡಲೇ ಅವಳಿಗೆ ಗಂಡ ನೆನಪಾದ. ಹುಳು ಜ್ವರಕ್ಕೆ ಕೂತರೆ ಬೀಡಿ ವಾಸನೆಯ ದೊಡ್ಡವೆಂಕಟಪ್ಪನಿಗೆ ಒಳಗೆ ಪ್ರವೇಶವಿರಲಿಲ್ಲ. ಬಲೆಯ ಆಚೆ ಕುಕ್ಕರಗಾಲಲ್ಲಿ ಕೂತು ಗಳಿಗೆಗೊಮ್ಮೆ, “ಲಕ್ಷ್ಮೀ, ಎದ್ವೇನೇ?” ಎಂದು ಕೇಳುತ್ತಿದ್ದ. “ಮೊದ್ಲು ನೀವು ಎದ್ದು ತೋಟಕ್ಕೆ ಹೋಗಿ!” ಎಂದು ಅವಳು ಗದರುತ್ತಿದ್ದಳು. ಹೋಗುತ್ತಿರಲಿಲ್ಲ, ಪುಣ್ಯಾತ್ಮ. ಹುಳು ಎದ್ದಿತೆಂದು ಅವಳು ಹೇಳಿದ ಮೇಲೆಯೇ ಅವನು ಬಾಯಿಗೆ ತುತ್ತಿಡುತ್ತಿದ್ದದ್ದು.

ಹಳೆಯ ಹುಳುಮನೆಯ ಕಾನೂನುಗಳೆಲ್ಲ ಮತ್ತೆ ಜಾರಿಯಾದವು. ಹುಳುವಿಗೆ ಘಾಟು ಆಗದು. ಆದ್ದರಿಂದ ಒಗ್ಗರಣೆ ಬಂದ್! ಊದುಬತ್ತಿ ಬಂದ್! ಸೊಳ್ಳೆ ಬತ್ತಿಯೂ ಬಂದ್! ಊರಿನ ಸೊಳ್ಳೆಗಳೆಲ್ಲ ನೆಂಟರಿಷ್ಟರ ಸಮೇತ ಬಂದು ವೆಂಕಟನನ್ನು ಉಂಡು ಹೋದವು. ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ ಸೊಸೆ ರಂಜಿತ ಪೌಡರಿಲ್ಲದೆ, ಹೂವಿಲ್ಲದೆ ಬಸ್ ಹತ್ತಬೇಕಾಯಿತು.

“ಸಪ್ಪೆ ಸಾರು ತಿಂದೂ ತಿಂದೂ ಇನ್ನು ನಾವೇ ಜ್ವರಕ್ಕೆ ಕೂತ್ಕೋತೀವಿ ಅತ್ತೆ!”

“ಕೂತ್ಕೊಳ್ರಿ. ಚಂದ್ರಿಕೇಲಿ ಜಾಗ ಇದೆ.”

ಇಷ್ಟೆಲ್ಲ ಮಾಡಿದರೂ ಮರಿಗಳು ಬಣ್ಣದ ಮೇಲೆ ಬಣ್ಣ ಬದಲಿಸಿದವು. ಬಿಳಿಚಿಕೊಂಡರೆ ಅವಳು “ಸುಣ್ಣಕಟ್ಟು ರೋಗ!” ಎಂದಳು. ಹಳದಿಯಾದರೆ “ಹಾಲುತೊಂಡೆ!” ಎಂದಳು. ಕಪ್ಪಾದರೆ “ಸಪ್ಪೆರೋಗ!” ಎಂದು ಎದೆ ಹಿಡಿದುಕೊಂಡಳು. ರೇಷ್ಮೆಹುಳುವಿನ ರೋಗಗಳೆಲ್ಲ ಒಂದೇ ಬೆಳಗ್ಗೆ ಒಂದೇ ಮರಿಗೆ ಬಂದು ಹೋದವು!

“ಅತ್ತೆ, ಫೋನಲ್ಲಿ ನೋಡ್ದೆ,” ಎಂದಳು ರಂಜಿತ ಮೆಲ್ಲಗೆ. “ಇವು ಸೊಪ್ಪು ತಿನ್ನಲ್ವಂತೆ. ನೊಣ, ನುಸಿ ತಿಂತವಂತೆ.”

“ನಿನ್ನ ಫೋನು ಎಷ್ಟು ಬೆಳೆ ಎತ್ತಿದೆಯೇ? ನನ್ನ ಹುಳುಮನೆಗೆ ನೊಣಾನಾ? ನಾನು ಸತ್ತಮೇಲೆ ಬಿಡು!”

ಶುಕ್ರವಾರ ರಂಜಿತಳ ತಾಯಿ ಭಾರತಮ್ಮ ಯಲ್ದೂರಿನಿಂದ ಒಂದು ಬುಟ್ಟಿ ಮಾವಿನಹಣ್ಣು ಹೊತ್ತು ಬಂದಳು. ಆದಿಲಕ್ಷ್ಮಮ್ಮ ಬೀಗಿತ್ತಿಯನ್ನು ಹೊಸ್ತಿಲಲ್ಲೇ ತಡೆದಳು. ಮುಡಿದ ಮಲ್ಲಿಗೆ ತೆಗೆಸಿದಳು. ಬಾಯಲ್ಲಿದ್ದ ಎಲೆಯಡಿಕೆ ಉಗಿಸಿದಳು. ಸುಣ್ಣದ ನೀರಲ್ಲಿ ಕಾಲು ತೊಳೆಸಿದಳು.

ಭಾರತಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ, ‘ಅತ್ತಿಗೆ’ ಹೋಗಿ ‘ವದಿನಾ’ ಆಗುತ್ತದೆ. “ಏಮಿ ವದಿನಾ ಇದಿ! ನಾನು ಮಗಳ ಮನೆಗೆ ಬಂದ್ನಾ, ಆಪರೇಷನ್ ರೂಮಿಗೆ ಬಂದ್ನಾ?”

“ಮಕ್ಕಳು ಜ್ವರಕ್ಕೆ ಕೂತವೆ. ತಪ್ಪು ತಿಳ್ಕೋಬೇಡಿ.”

“ಯಾರ ಮಕ್ಕಳು?”

“ಗೋಸುಂಬೆ ಮಕ್ಕಳು.”

ಭಾರತಮ್ಮ ಸಪ್ಪೆ ಸಾರಿನಲ್ಲಿ ಎರಡು ತುತ್ತು ಉಂಡು, ಸಂಜೆ ಬಸ್ಸಿಗೇ ಹೊರಟುಹೋದಳು. ಹೊರಡುವ ಮುಂಚೆ, ಎಷ್ಟಾದರೂ ಮಾವಿನ ಸೀಮೆಯವಳಲ್ಲವೇ, ಹಣ್ಣು ಕೆಡದಿರಲೆಂದು ತಂಪು ಜಾಗ ಹುಡುಕಿದಳು. ಒದ್ದೆ ಗೋಣಿಯ ಹುಳುಮನೆ ಕಣ್ಣಿಗೆ ಬಿತ್ತು. ಬಲೆ ಎತ್ತಿ, ಬುಟ್ಟಿಯನ್ನು ಚಂದ್ರಿಕೆಯ ಹಿಂದೆ ತಳ್ಳಿದಳು. ಬಲೆಯ ಒಂದು ಮೂಲೆ ತೆರೆದೇ ಉಳಿಯಿತು. ಮಸುಕುಗಣ್ಣಿನ ಆದಿಲಕ್ಷ್ಮಮ್ಮನಿಗೆ ಅದು ಕಾಣಲಿಲ್ಲ.

ಅಂದಿನಿಂದ ಅವಳು ಒಳಗೆ ಹೋಗಲೂ ಇಲ್ಲ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು ಎಂಬುದು ಬಾಯಿಮಾತು. ಕಡೆಯ ಸಲ ನೋಡಿದಾಗ ಮರಿಗಳು ಚಂದ್ರಿಕೆಯ ಬಿದಿರು ಹಿಡಿಯಲಾರದೆ ಜೋತುಬಿದ್ದಿದ್ದವು. ಹೋಗಿ ನೋಡಲು ಧೈರ್ಯವಿರಲಿಲ್ಲ. ಬಲೆಯ ಆಚೆ, ಗಂಡ ಕೂರುತ್ತಿದ್ದ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತಳು. ಆಚೆ ಕೂತವರ ಸಂಕಟ ಅವಳಿಗೆ ಇಷ್ಟು ವರ್ಷಕ್ಕೆ ತಿಳಿಯಿತು. ಅನ್ನ ಸೇರಲಿಲ್ಲ. “ಎದ್ವೇನ್ರೋ?” ಎಂದು ಬಲೆಗೆ ಬಾಯಿಟ್ಟು ಕೇಳಿದಳು. ಒಳಗಿನಿಂದ ಮಾವಿನ ಹಣ್ಣಿನ ಘಮಲು ಬಂತು. ಕಾಲವೇ ಮಾವಿನದು ಎಂದುಕೊಂಡಳು.

ಸೋಮವಾರ ಬೆಳಗ್ಗೆ ಹಾರೆ ಗುದ್ದಲಿಯವರು ಹಿತ್ತಲಿಗೆ ಬಂದು ನಿಂತರು.

“ನೋಡೋಣ ನಡಿಯಮ್ಮ,” ಎಂದ ವೆಂಕಟ್. ಅವನ ದನಿಯೂ ಸಣ್ಣಗಿತ್ತು.

ಬಲೆ ಸರಿಸಿದ್ದೇ ತಡ, ಗುಂಯ್! ಬುಟ್ಟಿಯ ತುಂಬ ಹಣ್ಣು ಕೊಳೆತು ರಸ ಹರಿದಿತ್ತು. ಅದರ ಮೇಲೆ ನುಸಿ, ನೊಣಗಳ ಮಹಾಜಾತ್ರೆ!

“ಅಯ್ಯೋ ದೇವುಡಾ! ನನ್ನ ಹುಳುಮನೇಲಿ ನೊಣ!” ಆದಿಲಕ್ಷ್ಮಮ್ಮ ಮಗನ ಹೆಗಲಿನ ಟವಲ್ ಕಿತ್ತು, ಗದೆಯೆತ್ತಿದ ಭೀಮನಂತೆ ನುಗ್ಗಿದಳು.

ಟವಲ್ ಮೇಲಕ್ಕೆ ಹೋಯಿತು. ಅಲ್ಲೇ ನಿಂತಿತು.

ಅವಳ ಮೂಗಿನ ಮುಂದೆ, ಚಂದ್ರಿಕೆಯ ಬಿದಿರಿನ ಮೇಲೊಂದು ಮರಿ ಬಾಯಿ ತೆರೆಯಿತು. ಸುಯ್ಯೆಂದು ಒಂದು ನಾಲಿಗೆ ಹೊರಬಂತು. ನುಸಿ ಮಾಯ! ಪಕ್ಕದಲ್ಲಿ ಇನ್ನೊಂದು ನಾಲಿಗೆ. ಅದರಾಚೆ ಮತ್ತೊಂದು. ಚಂದ್ರಿಕೆಯ ಸುರುಳಿ ಸುರುಳಿಗೂ ಒಂದೊಂದು ಮರಿ, ಹೊಟ್ಟೆ ದುಂಡಗೆ, ಬಾಲ ಬಿಗಿಯಾಗಿ ಸುತ್ತಿ, ಎಳೆ ಹಿಪ್ಪುನೇರಳೆ ಎಲೆಯಷ್ಟು ಹಸುರಾಗಿ ಕೂತಿತ್ತು.

ಆದಿಲಕ್ಷ್ಮಮ್ಮ ಟವಲ್ ಇಳಿಸಿ ಬಾಗಿಲ ಕಡೆ ತಿರುಗಿದಳು.

“ಎದ್ವು ಕಣ್ರೀ,” ಎಂದಳು.

“ಯಾರಿಗೆ ಹೇಳ್ತಿದ್ದೀಯಮ್ಮ?”

“ನಿಮ್ಮಪ್ಪನಿಗೆ. ಪಾಪ, ಊಟ ಮಾಡ್ಲಿ.”

ವೆಂಕಟ್ ಹಾರೆಯವರಿಗೆ ಕಾಫಿ ಕುಡಿಸಿ ವಾಪಸ್ ಕಳಿಸಿದ. ಅಡುಗೆಮನೆಯಲ್ಲಿ ಬಹಳ ದಿನಗಳ ಮೇಲೆ ಸಾಸಿವೆ ಚಟಪಟ ಸಿಡಿಯಿತು. ಸೊಸೆ ಸೀನುತ್ತಲೇ ನಗುತ್ತಿದ್ದಳು. ಫೋನಿನ ಮಾತು ಮಾತ್ರ ಎತ್ತಲಿಲ್ಲ. ಎತ್ತಿದ್ದರೆ ಅತ್ತೆಗೆ ಎಷ್ಟೋ ವಾಸಿಯಿತ್ತು!

ಮಧ್ಯಾಹ್ನದ ಹೊತ್ತಿಗೆ ಬುಟ್ಟಿಯ ಮೇಲಿನ ಜಾತ್ರೆ ತೆಳುವಾಯಿತು. ಮರಿಗಳು ಎರಡೂ ಕಣ್ಣು ತಿರುಗಿಸಿ ಆದಿಲಕ್ಷ್ಮಮ್ಮನನ್ನು ನೋಡತೊಡಗಿದವು. ಬೇರೆ ದಾರಿಯಿರಲಿಲ್ಲ. ಸೊಸೆಯ ಫೋನ್ ಕೇಳಿ ಪಡೆದು, ಗಂಟಲು ಸರಿಮಾಡಿಕೊಂಡು ಯಲ್ದೂರಿಗೆ ಮಾತಾಡಿದಳು.

“ವದಿನಾ, ನಾನು. ಅವತ್ತಿನದನ್ನ ಮನಸ್ಸಲ್ಲಿ ಇಟ್ಕೋಬೇಡಿ. ಇನ್ನೊಂದು ಬುಟ್ಟಿ ಹಣ್ಣು ಕಳಿಸ್ತೀರಾ?”

“ಅದಕ್ಕೇನು, ಒಳ್ಳೇ ಬಾದಾಮಿ ಹಣ್ಣೇ ಇದೆ.”

“ಒಳ್ಳೇದು ಬೇಡ. ಕೊಳ್ತಿದ್ದು ಕಳ್ಸಿ. ಜೊತೇಲಿ ನೊಣ ಬಂದ್ರೂ ಓಡಿಸ್ಬೇಡಿ, ಬರ್ಲಿ.”

ಆ ಕಡೆಯಿಂದ ಭಾರತಮ್ಮ ಬಹಳ ಮರ್ಯಾದೆಯಿಂದ ಕೇಳಿದಳು:

“ಆ ನೊಣಗಳೂ ಸುಣ್ಣದ ನೀರಲ್ಲಿ ಕಾಲು ತೊಳ್ಕೊಂಡೇ ಬರ್ಬೇಕಾ ವದಿನಾ?”